ಗಿರಣಿಯ ಸದ್ದಿನಲ್ಲಿ ಹೇಳಿದ ನೋವು

ನಮ್ಮ ಊರಿನಲ್ಲಿ ಯಾರಾದರೂ ಬಾಯಿಬಿಟ್ಟು "ನನಗೆ ನೋಯುತ್ತಿದೆ" ಎಂದರೆ ಆ ಮಾತು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅವರ ಹೆಸರಿನ ಕೆಳಗೆ ಹೋಗಿ ಕೂರುತ್ತದೆ. ಅಡುಗೆಮನೆಯಲ್ಲಿ ಹೇಳಿದರೂ ಅಷ್ಟೆ, ಬಸ್ಸಿನಲ್ಲಿ ಹೇಳಿದರೂ ಅಷ್ಟೆ, ಬಚ್ಚಲಲ್ಲಿ ಒಬ್ಬರೇ ನಿಂತು ಗೊಣಗಿದರೂ ಅಷ್ಟೆ. ಹೇಳಿದ ಮಾತೂ ಹೇಳಿದ ಹೊತ್ತೂ ದಾಖಲಾಗುತ್ತವೆ. ಇನ್ನೊಂದು ಸಂಗತಿಯೂ ಉಂಟು. ಬಾಯಿಂದ ಹೊರಬಿದ್ದ ನೋವು ಆ ಕ್ಷಣವೇ ಅರ್ಧ ಇಳಿಯುತ್ತದೆ. ಬೇರೆ ಊರಿನಿಂದ ವರ್ಗವಾಗಿ ಬಂದವರು ಮೊದಮೊದಲು ಇದನ್ನು ನಂಬುವುದಿಲ್ಲ. ಒಂದು ಹಲ್ಲುನೋವು ಬಂದ ಮೇಲೆ ನಂಬುತ್ತಾರೆ.

ಇದಕ್ಕೆ ನಮ್ಮಲ್ಲಿ ಪರದೆಗೆ ಬೀಳುವುದು ಎನ್ನುತ್ತಾರೆ. "ಬಾಯಿ ಮುಚ್ಚೇ, ಪರದೆಗೆ ಬೀಳುತ್ತೆ" ಎಂದು ತಾಯಂದಿರು ಮದುವೆಗೆ ಬಂದ ಮಗಳನ್ನು ಗದರುವುದು ಪ್ರತಿ ಬೀದಿಯಲ್ಲೂ ಕೇಳುವ ಮಾತು. ಸಂಬಂಧ ಬೆಳೆಸಲು ಬಂದವರು ಜಾತಕಕ್ಕಿಂತ ಮೊದಲು ಪರದೆ ನೋಡುತ್ತಾರೆ. ಕೆಲಸ ಕೊಡುವವರು ನೋಡುತ್ತಾರೆ, ಮನೆ ಬಾಡಿಗೆಗೆ ಕೊಡುವವರೂ ನೋಡುತ್ತಾರೆ. ಹೇಳಿದರೆ ಹಗುರ, ಆದರೆ ಹೇಳಿದ್ದು ಊರಿಗೆಲ್ಲ ಕಾಣುತ್ತದೆ. ಈ ಎರಡರ ನಡುವೆಯೇ ನಾವು ಸಂಸಾರ ಮಾಡಿಕೊಂಡು ಬಂದಿದ್ದೇವೆ.

ನಾನು ಕಾಲೇಜಿನ ಲೈಬ್ರರಿಯಲ್ಲಿ ದುಡಿದು ನಿವೃತ್ತಿಯಾದವಳು. ಡಾಕ್ಟರ್ ತಬಸ್ಸುಮ್ ಊರಿಗೆ ಹೊಸದಾಗಿ ಬಂದಾಗ ಒಂದು ದಿನ ನನ್ನ ಮಂಡಿ ತೋರಿಸಲು ಹೋಗಿದ್ದೆ. ಹಿಂದೆ ಯಾವ ಮಾತ್ರೆ ನನಗೆ ಒಗ್ಗಿರಲಿಲ್ಲ ಎಂದು ಆಕೆ ಹುಡುಕುತ್ತಿದ್ದರು. ನಾನು ಬಾಯಿ ಸುಮ್ಮನಿಡುವವಳಲ್ಲ. ವರ್ಷಗಟ್ಟಲೆಯ ನನ್ನ ಮಂಡಿ, ಸೊಂಟ, ಕತ್ತು, ಶೀತ ಎಲ್ಲ ಪರದೆಯ ಮೇಲೆ ಇರುವೆ ಸಾಲಿನಂತೆ ಹರಿಯುತ್ತಿತ್ತು. ಆಕೆ ಪುಸ್ತಕದ ಪದ ಹಾಕಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಅಲರ್ಜಿ ಎಂದು ನಾನು ಯಾವತ್ತೂ ಹೇಳಿದವಳೇ ಅಲ್ಲ. ನಾನು ಹೇಳಿದ್ದು "ಮೈಯೆಲ್ಲ ಗಂಧೆ ಎದ್ದಿದೆ" ಎಂದು. ಗಂಧೆ ಎಂದು ಹಾಕಿ ನೋಡಿ ಅಂದೆ. ಸಿಕ್ಕಿತು. ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿ, "ಮೇಡಂ, ನಾಳೆಯಿಂದ ಇಲ್ಲೇ ಕೂತ್ಕೋತೀರಾ?" ಎಂದರು.

ಅಂದಿನಿಂದ ಅವರ ಪಕ್ಕದಲ್ಲಿ ನನಗೊಂದು ಕುರ್ಚಿ. ಅವರು ರೋಗಿಯ ಕೈ ಹಿಡಿದು ನಾಡಿ ನೋಡುತ್ತಾ ತಮಗೆ ಬೇಕಾದ್ದನ್ನು ಕೇಳುತ್ತಾರೆ, ನಾನು ಆ ರಾಶಿಯಿಂದ ಹೆಕ್ಕಿ ಕೊಡುತ್ತೇನೆ. ನಮ್ಮ ಜನ ಎದೆನೋವಿಗೆ ಗ್ಯಾಸ್ ಎನ್ನುತ್ತಾರೆ, ತಲೆ ಸುತ್ತಿದರೆ ದೃಷ್ಟಿ ಎನ್ನುತ್ತಾರೆ. ಯಾರು ಯಾವುದಕ್ಕೆ ಏನೆನ್ನುತ್ತಾರೆ ಎಂದು ನನಗೆ ಗೊತ್ತು, ಅದು ದೇಹದಲ್ಲಿ ಏನು ಎಂದು ಅವರಿಗೆ ಗೊತ್ತು. ಚೆನ್ನಾಗಿಯೇ ನಡೆಯುತ್ತಿತ್ತು. ನಾನು ಕೇಳದೆಯೇ ಆಕೆ ಒಂದು ದಿನ ಪರದೆಯ ಅಕ್ಷರ ದೊಡ್ಡದು ಮಾಡಿಟ್ಟಿದ್ದರು. ಕುರ್ಚಿಯ ಮೇಲೆ ಮೆತ್ತನೆಯ ದಿಂಬು ಯಾರಿಟ್ಟರು ಎಂದು ಕೇಳಿದರೆ ಅಲ್ಲಿನ ನರ್ಸ್ ಸಿಸ್ಟರ್ ಫ್ಲೋರಿನ್ ಬೇರೆ ಕಡೆ ನೋಡುತ್ತಿದ್ದರು.

ಇನ್ನು ನಾಗವೇಣಕ್ಕನ ವಿಷಯ. ನನಗಿಂತ ಚಿಕ್ಕವಳು, ಆದರೂ ಊರಿಗೆಲ್ಲ ಅಕ್ಕ, ನನಗೂ ಅಕ್ಕ. ಬಸ್ ಸ್ಟ್ಯಾಂಡಿನ ಹಿಂದೆ ಅವಳ ಹಿಟ್ಟಿನ ಗಿರಣಿ. ರಾಗಿ, ಗೋಧಿ, ಅಕ್ಕಿಯ ಡಬ್ಬಿಗಳನ್ನು ಸಾಲಾಗಿ ಇಟ್ಟು ಜನ ಕಾಯುತ್ತಾರೆ. ಬೀಸುವ ಸದ್ದಿನಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳದು. ಪರದೆಗೆ ಬೀಳಬಾರದ ನೋವಿದ್ದವರು ಅಲ್ಲಿ ಬಾಯಿ ತೆರೆಯುತ್ತಿರಲಿಲ್ಲ, ನಾಗವೇಣಕ್ಕನ ಕಣ್ಣಿಗೆ ಕಣ್ಣು ಕೂಡಿಸಿ ನೋಯುವ ಜಾಗ ಮುಟ್ಟಿ ತೋರಿಸುತ್ತಿದ್ದರು. ತೋರಿಸಲಾಗದ್ದಾದರೆ ಡಬ್ಬಿಯ ಮುಚ್ಚಳದ ಮೇಲೆ ಕೂತ ಹಿಟ್ಟಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು. ಅವಳು ಓದಿ, ಸೆರಗಿನಿಂದ ಒರೆಸಿ, ತನ್ನದೇ ಎಂಬಂತೆ ಗಟ್ಟಿಯಾಗಿ ಹೇಳುತ್ತಿದ್ದಳು. "ಅಯ್ಯೋ, ನನಗೆ ಎದೆ ಹಿಡಿದ ಹಾಗಾಗ್ತಿದೆಯಪ್ಪ!" ಅಷ್ಟು ಸಾಕು, ಎದುರಿಗಿದ್ದವರ ನೋವು ಅರ್ಧ ಇಳಿಯುತ್ತಿತ್ತು. ಮಾರನೆಯ ದಿನ ಆಸ್ಪತ್ರೆಯಲ್ಲಿ ಸಿಸ್ಟರ್ ಫ್ಲೋರಿನ್ ಹತ್ತಿರ ಅವಳೇ ಮಾತ್ರೆ ಇಸಿದುಕೊಂಡು ಬಂದು ಅವರ ಹಿಟ್ಟಿನ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದಳು. ಬೀಸಿದ್ದಕ್ಕೆ ಎಷ್ಟೋ ಅಷ್ಟೇ ತೆಗೆದುಕೊಳ್ಳುತ್ತಿದ್ದಳು. "ನನ್ನನ್ನೇನು ಈಗ ಯಾರಾದರೂ ಹೆಣ್ಣು ನೋಡೋಕೆ ಬರ್ತಾರಾ? ಪರದೆ ಹೇಗಿದ್ದರೇನು?" ಎಂದು ನಗುತ್ತಿದ್ದಳು. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಡಾಕ್ಟರ್ ಒಬ್ಬರೇ.

ಆ ದಿನ ಮಧ್ಯಾಹ್ನ ಅಡುಗೆ ವೆಂಕಣ್ಣ ತನ್ನ ಸಾಮಾನು ಸಾಗಿಸುವ ಗೂಡ್ಸ್ ಆಟೋದಲ್ಲಿ ನಾಗವೇಣಕ್ಕನನ್ನು ಮಲಗಿಸಿಕೊಂಡು ಬಂದ. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ದೊಡ್ಡ ಆಸಾಮಿ ಅವನು. ಕಡಲೆಹಿಟ್ಟು ಬೀಸಿಸಲು ಹೋದವನಿಗೆ ಗಿರಣಿ ಒಂದೇ ಸಮ ಓಡುತ್ತಿದ್ದುದು, ಅವಳು ಮೂಟೆಗೆ ಒರಗಿ ಬಿದ್ದಿದ್ದುದು ಕಂಡಿತಂತೆ. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಬಲಗಾಲು ಅಲುಗುತ್ತಿರಲಿಲ್ಲ. ಕಣ್ಣು ನನ್ನನ್ನು ಗುರುತು ಹಿಡಿಯಿತು. ಏನೋ ಹೇಳಲು ಹೋದಳು, ಉಸಿರು ಬಂತೇ ಹೊರತು ಮಾತು ಬರಲಿಲ್ಲ. ಊರಿನ ನೋವನ್ನೆಲ್ಲ ಹೇಳಿದ ಬಾಯಿಗೆ ತನ್ನದನ್ನು ಹೇಳಲು ಆಗಲಿಲ್ಲ.

ತಲೆಯ ಸ್ಕ್ಯಾನ್ ಆಯಿತು. ಡಾಕ್ಟರ್ ಓಡುತ್ತಲೇ ಬಂದು ನನ್ನ ಪಕ್ಕ ನಿಂತರು. "ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಮೇಡಂ. ಕರಗಿಸೋ ಇಂಜೆಕ್ಷನ್ ನಮ್ಮಲ್ಲೇ ಇದೆ. ಬೇಗ ಕೊಟ್ಟರೆ ಮಾತು ವಾಪಸ್ ಬರಬಹುದು, ಕೈಯೂ ಬರಬಹುದು. ಆದರೆ ಶುರುವಾಗಿ ಕೆಲವೇ ಗಂಟೆ ಒಳಗೆ ಕೊಡಬೇಕು, ಯಾವಾಗ ಶುರುವಾಯ್ತು ಗೊತ್ತಾಗಬೇಕು. ಈಚೆಗೆ ಎಲ್ಲಾದರೂ ರಕ್ತ ಹೋಗಿದೆಯಾ, ತಲೆಗೆ ಪೆಟ್ಟು ಬಿದ್ದಿದೆಯಾ, ರಕ್ತ ತೆಳು ಮಾಡೋ ಮಾತ್ರೆ ತಗೋತಿದಾರಾ, ನೋಡಿ ಹೇಳಿ. ಇದ್ದು ಕೊಟ್ಟರೆ ತಲೆಯೊಳಗೇ ರಕ್ತ ಸೋರಿ ಪ್ರಾಣ ಹೋಗುತ್ತೆ."

ನಾನು ನಾಗವೇಣಕ್ಕನ ಹೆಸರು ತೆಗೆದೆ. ಪರದೆ ತುಂಬಿ ಹರಿಯಿತು. ಡಾಕ್ಟರ್ ಕೇಳಿದ್ದೆಲ್ಲವೂ ಅಲ್ಲಿತ್ತು. ತಲೆಗೆ ಪೆಟ್ಟು ಬಿದ್ದಿದೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡೋ ಮಾತ್ರೆ ನುಂಗ್ತಿದೀನಿ. ವಾಂತಿಯಲ್ಲಿ ರಕ್ತ ಬರುತ್ತಿದೆ. ಅದರ ಕೆಳಗೇ, ಬಾಣಂತಿ ಸೊಂಟ ಹಿಡಿದಿದೆ. ಅದರ ಕೆಳಗೆ, ಮೀಸೆ ಬೋಳಿಸುವಾಗ ಕೊಯ್ದುಕೊಂಡೆ.

ಡಾಕ್ಟರ್ ಓದಿದರು. ಮೀಸೆಯ ಸಾಲನ್ನು ಮತ್ತೊಮ್ಮೆ ಓದಿದರು. "ಇದೇನಿದು ಮೇಡಂ?"

ಗಿರಣಿಯ ವಿಷಯ ನಾನು ಎರಡು ಮಾತಿನಲ್ಲಿ ಹೇಳಿದೆ. ಆಕೆಯ ಮುಖ ಕೆಂಪಾಯಿತು. "ಅಂದರೆ ಇದು ಒಬ್ಬರ ದಾಖಲೆ ಅಲ್ಲ, ಇಡೀ ಊರಿಂದು! ಇದರಲ್ಲಿ ಈಯಮ್ಮನ್ನ ಎಲ್ಲಿ ಹುಡುಕಲಿ? ರಕ್ತ ಪರೀಕ್ಷೆಗೆ ಕಳಿಸಿದೀನಿ, ಅದು ಬಂದರೂ ಈ ಪೆಟ್ಟು, ಈ ವಾಂತಿ ಯಾರದು ಅಂತ ಅದು ಹೇಳುತ್ತಾ? ಕೊಟ್ಟವರನ್ನೇ ಕರೀರಿ. ಅವರವರದು ಅವರವರು ವಾಪಸ್ ತಗೊಂಡು ಹೋಗಲಿ!"

ಸಿಟ್ಟಿನಲ್ಲಿ ಅಂದ ಮಾತು. ಆದರೆ ನಾನಾಗಲೇ ಎದ್ದು ನಿಂತಿದ್ದೆ. ಇಡೀ ಜೀವಮಾನ ಕೊಂಡೊಯ್ದ ಪುಸ್ತಕ ವಾಪಸ್ ತರಿಸುವ ಕೆಲಸವನ್ನೇ ಮಾಡಿದವಳು ನಾನು, ಜನರನ್ನು ಕೇಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಹೊರಗೆ ಜಗಲಿಯ ಮೇಲೆ ಊರೇ ನೆರೆದಿತ್ತು. ಕೆಲವರು ಗಿರಣಿಯಿಂದ ನೇರ ಬಂದಿದ್ದರು, ಡಬ್ಬಿಗಳು ಕಂಕುಳಲ್ಲೇ ಇದ್ದವು. ನಾನು ಬಾಗಿಲಲ್ಲಿ ನಿಂತು ಹೇಳಿದೆ. "ನಾಗವೇಣಕ್ಕನಿಗೆ ಔಷಧ ಕೊಡಬೇಕು. ಪರದೆಯಲ್ಲಿ ಅವಳದು ಯಾವುದು, ನಿಮ್ಮದು ಯಾವುದು ಗೊತ್ತಾಗ್ತಿಲ್ಲ. ಈ ತಿಂಗಳು ಅವಳ ಬಾಯಲ್ಲಿ ಹೇಳಿಸಿದ್ದನ್ನ ನೀವು ನಿಮ್ಮ ಬಾಯಲ್ಲಿ ಹೇಳಿ. ಹೇಳಿದರೆ ನಿಮ್ಮ ಹೆಸರಿಗೆ ಬೀಳುತ್ತೆ, ಅದು ನನಗೂ ಗೊತ್ತು. ಹೇಳದಿದ್ದರೆ ಅವಳು ಇನ್ನು ಯಾವತ್ತೂ ಮಾತಾಡಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಒಳಗಿನ ಪರದೆಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಮೊದಲ ಸಾಲು ಓದಿದೆ. "ತಲೆಗೆ ಪೆಟ್ಟು ಬಿದ್ದು ಊದಿಕೊಂಡಿದೆ."

ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಪುಟ್ಟಸ್ವಾಮಯ್ಯ ಮೇಷ್ಟ್ರು. ಪಕ್ಕದಲ್ಲೇ ಅವರ ಹೆಂಡತಿ ವನಜಾಕ್ಷಿ, ಕೈಯಲ್ಲಿ ಗೋಧಿಹಿಟ್ಟಿನ ಡಬ್ಬಿ. "ಅದು... ನನ್ನದು," ಎಂದರು ಮೇಷ್ಟ್ರು. "ಸ್ಕೂಟರಿಂದ ಬಿದ್ದೆ."

"ಯಾವ ಸ್ಕೂಟರು?" ಎಂದರು ವನಜಾಕ್ಷಿ. "ಮಾರಿದೆ ಅಂದಿದ್ದಿರಿ?"

"ಮಾರಬೇಕು ಅಂತಲೇ ಇದ್ದೆ ಕಣೇ. ಕೊನೇ ಸಲ ಓಡಿಸಿ ನೋಡಿದೆ."

"ಬಾಗಿಲ ಚೌಕಟ್ಟು ತಗುಲಿತು ಅಂದ್ರಲ್ಲ! ನಾನು ಆ ಬಾಗಿಲಿಗೆ ಬೈದು, ಬಡಗಿಯನ್ನ ಕರೆಸಿ, ಕೆತ್ತಿಸಿದೆನಲ್ಲ!"

ಜಗಲಿಯ ತುಂಬ ನಗು ಎದ್ದಿತು. ಆ ನಗೆಯಲ್ಲೇ ಕಟ್ಟೆ ಒಡೆಯಿತು. ಬಾಣಂತಿ ಸೊಂಟ ನಂದು ಎಂದು ಒಬ್ಬಳು, ಮೂಲವ್ಯಾಧಿ ನಂದು ಎಂದು ಒಬ್ಬ ಹಿರಿಯರು, ಅದನ್ನು ಹೇಳಿ ಟವೆಲಿನಿಂದ ಮುಖ ಮುಚ್ಚಿಕೊಂಡರು. "ನಾಚಿಕೆ ಯಾಕೆ ಮಾವ, ನಂಗೂ ಇದೆ" ಎಂದು ಯಾರೋ ಅಂದರು. ಮೀಸೆಯವನನ್ನು ಹುಡುಕುವ ಕೆಲಸವಿರಲಿಲ್ಲ, ಅವನ ಮೂಗಿನ ಕೆಳಗೆ ಗುರುತೇ ಇತ್ತು. ಪ್ರತಿ ಸಾಲಿಗೂ ನಾನು ಗುಂಡಿ ಒತ್ತಿ ಮಸುಕು ಮಾಡುತ್ತಾ ಹೋದೆ. ಡಾಕ್ಟರ್ ಬಾಗಿಲಿಗೆ ಬಂದು ನಿಂತವರು ಮೇಷ್ಟ್ರನ್ನು ಹತ್ತಿರ ಕರೆದು, ನೆತ್ತಿ ಒತ್ತಿ ನೋಡಿ, ತಲೆಯಾಡಿಸಿದರು. ಪೆಟ್ಟು ನಿಜವಾಗಿಯೂ ಅವರದೇ.

ಯಾವಾಗ ಶುರುವಾಯಿತು ಎನ್ನುವುದು ಇನ್ನೂ ಉಳಿದಿತ್ತು. ಆ ಬೆಳಗಿನ ಸಾಲುಗಳಲ್ಲಿ "ಬಲಗೈ ಜೋಮು ಹಿಡಿದಿದೆ" ಎಂಬ ಮಾತು ಎರಡು ಸಲ ಇತ್ತು. ಒಂದು ಗಿರಣಿಯ ಬಾಗಿಲು ತೆರೆದ ಹೊತ್ತಿನದು, ಇನ್ನೊಂದು ವೆಂಕಣ್ಣ ಅವಳನ್ನು ಕಾಣುವ ಸ್ವಲ್ಪ ಮುಂಚಿನದು. ಮೊದಲನೆಯದು ನಾಗವೇಣಕ್ಕನದಾದರೆ ಇಂಜೆಕ್ಷನ್ನಿನ ಹೊತ್ತು ಮೀರಿಹೋದಂತೆ. ಎರಡನ್ನೂ ಓದಿದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

ವನಜಾಕ್ಷಿ ಡಬ್ಬಿಯನ್ನು ನೆಲಕ್ಕಿಟ್ಟರು. "ಬೆಳಿಗ್ಗೆದು ನಂದು. ರಾತ್ರಿ ಎಲ್ಲ ಕೈ ಜೋಮು. ಮೊದಲ ಡಬ್ಬಿ ನಂದೇ ಇತ್ತು, ಮುಚ್ಚಳದ ಮೇಲೆ ಬರೆದೆ."

"ಕೈ ಜೋಮಾ? ನಿನಗಾ?" ಮೇಷ್ಟ್ರು ತಿರುಗಿದರು. "ನನ್ನ ಹತ್ತಿರ ಒಂದು ಮಾತು ಹೇಳಲಿಲ್ಲ?"

"ನೀವು ಸ್ಕೂಟರ್ ಹೇಳಿದಿರಾ?"

ಮೇಷ್ಟ್ರು ಬಗ್ಗಿ ಹೆಂಡತಿಯ ಡಬ್ಬಿಯನ್ನು ತಾವು ಎತ್ತಿಕೊಂಡರು. ಎರಡನೆಯ ಜೋಮಿಗೆ ಯಾರೂ ಬಾಯಿ ತೆರೆಯಲಿಲ್ಲ. ಆ ಸಾಲಿನ ಬಾಲದಲ್ಲಿ ಇನ್ನೂ ಮೂರು ಮಾತಿದ್ದವು, "ಡಬ್ಬಿ ಎತ್ತೋಕೆ ಆಗ್ತಿಲ್ಲವಲ್ಲ." ಗಿರಣಿಯಲ್ಲಿ ಡಬ್ಬಿ ಎತ್ತುವವಳು ಒಬ್ಬಳೇ. ಡಾಕ್ಟರ್ ಗಡಿಯಾರ ನೋಡಿ, "ಹೊತ್ತಿದೆ. ಇನ್ನೂ ಹೊತ್ತಿದೆ" ಎಂದರು.

ರಕ್ತ ತೆಳು ಮಾಡುವ ಮಾತ್ರೆಯ ಸಾಲಿಗೆ ವೆಂಕಣ್ಣ ತಾನಾಗಿ ಮುಂದೆ ಬಂದ. ಅವನ ಮುಂದೆ ಮದುವೆಯ ತಿಂಗಳುಗಳಿದ್ದವು. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡವನಿಗೆ ಬೆಂಕಿಯ ಮುಂದಿನ ಕೆಲಸ ಯಾರು ಕೊಡುತ್ತಾರೆ? ಅವನು ಅದನ್ನೇನೂ ಆಡಲಿಲ್ಲ. ಜೇಬಿನಿಂದ ಹಿಟ್ಟು ಮೆತ್ತಿದ ಮಾತ್ರೆಯ ಪಟ್ಟಿ ತೆಗೆದು ಡಾಕ್ಟರ ಕೈಗಿಟ್ಟ. "ಅಕ್ಕ ಡಬ್ಬಿಯಲ್ಲಿ ಹಾಕಿ ಕಳಿಸ್ತಿದ್ದದ್ದು. ನಂದೇ."

ಉಳಿದದ್ದು ಒಂದೇ ಸಾಲು. "ವಾಂತಿಯಲ್ಲಿ ರಕ್ತ ಬರುತ್ತಿದೆ." ಓದಿದೆ. ಮತ್ತೊಮ್ಮೆ ಓದಿದೆ. ಆಮೇಲೆ ವೆಂಕಣ್ಣ, "ಬರೀರಿ, ಅದೂ ನಂದೇ" ಎಂದ. ಅವನ ಮಾತು ಮುಗಿಯುವ ಮೊದಲೇ ಮೇಷ್ಟ್ರು ಕೈ ಎತ್ತಿದರು, "ಇಲ್ಲ, ನನ್ನದು." ಬಾಣಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು, "ನಂದು ಮೇಡಂ, ನಂದು, ಬೇಗ ಕೊಡಿ ಅಕ್ಕನಿಗೆ" ಎಂದಳು.

ಅವರ ಮನಸ್ಸು ನನಗೆ ಅರ್ಥವಾಯಿತು. ನಾಗವೇಣಕ್ಕ ತಮಗಾಗಿ ಮಾಡಿದ್ದನ್ನು ಅವಳಿಗಾಗಿ ಮಾಡಲು ಹೊರಟಿದ್ದರು. ಆ ಒಳ್ಳೆಯತನವನ್ನು ಕಂಡು ನನ್ನ ಕಣ್ಣು ತುಂಬಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು. ಆ ರಕ್ತ ನಾಗವೇಣಕ್ಕನದೇ ಆಗಿದ್ದರೆ ಇವರ ಈ ಪ್ರೀತಿಯೇ ಅವಳನ್ನು ಕೊಲ್ಲುತ್ತದೆ.

"ಒಂದು ವಾಂತಿ ಮೂವರದು ಆಗಲ್ಲ!" ಎಂದರು ಡಾಕ್ಟರ್.

"ಕೇಳಿ," ಎಂದೆ ನಾನು. ಲೈಬ್ರರಿಯಲ್ಲಿ ಗದ್ದಲ ಮಾಡುವವರಿಗೆ ಹೇಳುತ್ತಿದ್ದ ದನಿ ಅದು, ಇಷ್ಟು ವರ್ಷದ ಮೇಲೂ ಹಾಗೇ ಇತ್ತು. "ಇವತ್ತು ಯಾರೂ ಯಾರ ನೋವನ್ನೂ ಹೊತ್ತುಕೊಳ್ಳಬೇಡಿ. ನಿಮ್ಮದಲ್ಲದ್ದು ನಿಮ್ಮದು ಅಂದರೆ ಅವಳಿಗೆ ವಿಷ ಕೊಟ್ಟ ಹಾಗೆ. ನಿಜವಾಗಿ ಯಾರಿಗೆ ರಕ್ತ ಬಂತೋ ಅವರೊಬ್ಬರು ಸಾಕು."

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಡಾಕ್ಟರ್ ಇಂಜೆಕ್ಷನ್ನಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿದರು. "ಹಾಗಾದರೆ ಈಯಮ್ಮಂದೇ ಅಂತ ಅಂದುಕೊಳ್ಳಬೇಕು. ಕೊಡೋಕಾಗಲ್ಲ ಮೇಡಂ."

ಆಗ ನಾನು ಸಿಸ್ಟರ್ ಫ್ಲೋರಿನ್ ಅವರನ್ನು ನೋಡಿದೆ. ನಾಗವೇಣಕ್ಕನ ತಲೆಯ ಹತ್ತಿರ ನಿಂತು ಡ್ರಿಪ್ಪಿಗೆ ಅಂಟಿಸುವ ಪ್ಲಾಸ್ಟರ್ ಹರಿಯುತ್ತಿದ್ದರು. ಒಂದು ತುಂಡು ಹರಿದು, ಅಂಟಿಸದೆ, ಇನ್ನೊಂದು ಹರಿದು, ಅದನ್ನೂ ಅಂಟಿಸದೆ ಬೆರಳ ತುದಿಯಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದರು. ನಾಗವೇಣಕ್ಕನ ಕಣ್ಣು ಅವರನ್ನೇ ನೋಡುತ್ತಿತ್ತು. ಬೇಡ ಎನ್ನುವಂತೆ ಅವಳು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು. ಅಂಥ ಹೊತ್ತಿನಲ್ಲೂ!

"ಅದು ನನ್ನದು ಡಾಕ್ಟರೇ," ಎಂದರು ಫ್ಲೋರಿನ್.

ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗುವ ಮೊದಲು ಪರದೆ ನೋಡುತ್ತಾರೆ, ಅದು ನಮಗೆಲ್ಲ ಗೊತ್ತಿದ್ದ ವಿಷಯ. ಊರಿಗೆಲ್ಲ ಮಾತ್ರೆ ಎಣಿಸಿ ಕೊಡುವ ಕೈ ಹಿಟ್ಟಿನಲ್ಲಿ ತನ್ನ ನೋವು ಬರೆದಿತ್ತು.

ಡಾಕ್ಟರ್ ಹತ್ತಿರ ಹೋಗಿ ಹೆಬ್ಬೆರಳಿನಿಂದ ಫ್ಲೋರಿನ್ ಅವರ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಬೆಳ್ಳಗೆ ಕಾಗದದ ಹಾಗಿತ್ತು. ಉಗುರು ನೋಡಿದರು, ನಾಡಿ ಹಿಡಿದರು. ಆಮೇಲೆ ನಾಗವೇಣಕ್ಕನ ರೆಪ್ಪೆಯನ್ನೂ ಹಾಗೆಯೇ ಜಗ್ಗಿದರು. ಚೆನ್ನಾಗಿ ಕೆಂಪಗಿತ್ತು. ಲ್ಯಾಬಿನವರು ರಕ್ತದ ವರದಿ ಹಿಡಿದು ಬಂದದ್ದೂ ಅದೇ ಹೊತ್ತಿಗೆ, ಅದೂ ಅದೇ ಮಾತು ಹೇಳಿತು. ಡಾಕ್ಟರ್ ಮೆಲ್ಲಗೆ ಫ್ಲೋರಿನ್ ಬೆರಳಿನಿಂದ ಒಂದು ತುಂಡು ಪ್ಲಾಸ್ಟರ್ ಬಿಡಿಸಿಕೊಂಡು, "ಸಿಸ್ಟರ್, ಮೊದಲು ಇವರಿಗೆ ಇಂಜೆಕ್ಷನ್. ಆಮೇಲೆ ಪಕ್ಕದ ಮಂಚದಲ್ಲಿ ನೀವು ಮಲಗ್ತೀರಿ. ನಿಮ್ಮ ಕಾಯಂ ಕಾಗದಕ್ಕೆ ನಾನೇ ಬರೀತೀನಿ, ಗುಣವಾಗೋ ಕಾಯಿಲೆ ಅಂತ" ಎಂದರು. ಫ್ಲೋರಿನ್ ಉಳಿದ ತುಂಡುಗಳನ್ನು ಒಂದೊಂದಾಗಿ ಡ್ರಿಪ್ಪಿಗೆ ಅಂಟಿಸಿದರು.

ಔಷಧ ಹನಿಹನಿಯಾಗಿ ಇಳಿಯುತ್ತಿರುವಾಗ ನನಗೆ ಕೆಲಸವಿರಲಿಲ್ಲ. ಸುಮ್ಮನೆ ಪರದೆ ನೋಡುತ್ತಾ ಕೂತೆ. ಹೊರಗಿನವರು ಬಿಡಲಿಲ್ಲ, ಕಿಟಕಿಗೆ ಬಂದು ಬಂದು ಹಳೆಯವನ್ನೂ ಹೇಳುತ್ತಲೇ ಇದ್ದರು. ಹಿಂದಿನ ವರ್ಷದ್ದು, ಅದರ ಹಿಂದಿನದ್ದು. ನಾನು ಮಸುಕು ಮಾಡುತ್ತಲೇ ಹೋದೆ. ಸಂಜೆಯ ಹೊತ್ತಿಗೆ ನಾಗವೇಣಕ್ಕನ ಹೆಸರಿನ ಕೆಳಗೆ ಹೊಳೆಯುವ ಸಾಲುಗಳು ಬೆರಳೆಣಿಕೆಯಷ್ಟು ಉಳಿದವು. ಆ ದಿನದ ಜೋಮು ಬಿಟ್ಟರೆ ಎಲ್ಲವೂ ಗಿರಣಿ ಮುಚ್ಚಿದ ಮೇಲಿನವು, ಎಲ್ಲದರಲ್ಲೂ ಮಾತು ಒಂದೇ. "ತಲೆ ತುಂಬಾ ನೋಯ್ತಿದೆ."

ಡಾಕ್ಟರ್ ನನ್ನ ಭುಜದ ಮೇಲಿಂದ ಓದಿದರು. "ಬಿಪಿ," ಎಂದರು. "ಎಷ್ಟು ದಿನದಿಂದ ಹೇಳ್ತಿದ್ದಾರೆ ನೋಡಿ. ನಮಗೆ ಕಾಣಿಸಲೇ ಇಲ್ಲ." ನಮ್ಮ ನೋವುಗಳ ಅಡಿಯಲ್ಲಿ ಅವಳದು ಹೂತುಹೋಗಿತ್ತು. ತಲೆನೋವು ಎಂದರೆ ಯಾರದೋ ಇರಬೇಕು ಎಂದು ನಾನೂ ದಾಟಿಕೊಂಡು ಹೋಗಿರಬಹುದು. ಇನ್ನು ಹಾಗಾಗದು. ಆ ಸಾಲುಗಳನ್ನು ಡಾಕ್ಟರ್ ದಾಖಲೆಯ ಎಲ್ಲಕ್ಕಿಂತ ಮೇಲೆ ಏರಿಸಿದರು, ದೊಡ್ಡ ಅಕ್ಷರದಲ್ಲಿ.

ಮದುವೆಗಳು ನಿಂತವೇ, ಕೆಲಸಗಳು ಹೋದವೇ ಎಂದು ನೀವು ಕೇಳಬಹುದು. ವೆಂಕಣ್ಣನನ್ನು ಬೇಡ ಎಂದವರು ಪರದೆ ನೋಡಿ ಬೇರೆ ಅಡುಗೆಯವರನ್ನು ಹುಡುಕಿದರು. ಅವರಲ್ಲೂ ಒಬ್ಬನಿಗೆ ಸಕ್ಕರೆ, ಇನ್ನೊಬ್ಬನಿಗೆ ಕೀಲುನೋವು, ಬಡಿಸುವವರಿಗೆ ಮೂಲವ್ಯಾಧಿ. ಎಲ್ಲರ ಹೆಸರಿನ ಕೆಳಗೂ ಏನಾದರೊಂದು ಇದ್ದೇ ಇತ್ತು. ತಿರುಗಿ ವೆಂಕಣ್ಣನನ್ನೇ ಕರೆದರು, ಒಲೆ ಊದಲು ಒಬ್ಬನನ್ನು ಜೊತೆಗೆ ಕೊಟ್ಟರು. ಫ್ಲೋರಿನ್ ಗುಣವಾಗಿ ಕಾಯಂ ಆದರು. ನನ್ನ ಕುರ್ಚಿಯ ದಿಂಬಿಗೆ ಈಗ ಹೊಸ ಗವಸು ಬಂದಿದೆ.

ನಾಗವೇಣಕ್ಕನ ಮಾತು ಒಂದೊಂದೇ ಅಕ್ಷರವಾಗಿ ವಾಪಸ್ ಬಂತು. ಕೈಗೆ ಇನ್ನೂ ಪೂರ್ತಿ ಬಲವಿಲ್ಲ. ಡಬ್ಬಿಗಳನ್ನು ಬಂದವರೇ ಎತ್ತಿ ಸುರಿಯುತ್ತಾರೆ, ಅವಳು ಸ್ಟೂಲಿನ ಮೇಲೆ ಕೂತು ನಯ ಸಾಕೋ ಬೇಕೋ ಎಂದು ಬೆರಳಿನಲ್ಲಿ ಹಿಟ್ಟು ಉಜ್ಜಿ ನೋಡುತ್ತಾಳೆ. ಮೊನ್ನೆ ನಾನು ರಾಗಿ ತೆಗೆದುಕೊಂಡು ಹೋಗಿದ್ದೆ. ನನಗಿಂತ ಮುಂದೆ ವನಜಾಕ್ಷಿ ಇದ್ದರು. ಹಳೆಯ ಅಭ್ಯಾಸ, ಅವರ ಬೆರಳು ಮುಚ್ಚಳದ ಹಿಟ್ಟಿನ ಕಡೆ ಹೋಯಿತು. ನಾಗವೇಣಕ್ಕ ಆ ಬೆರಳನ್ನು ಹಿಡಿದುಕೊಂಡಳು.

"ನೀವೇ... ಹೇಳಿ," ಎಂದಳು.

ವನಜಾಕ್ಷಿ ಅತ್ತಿತ್ತ ನೋಡಿ, "ಕತ್ತು ಹಿಡಿದಿದೆ ಕಣಕ್ಕ" ಎಂದರು. ಹೇಳಿ, ಹಗುರಾಗಿ, ನಕ್ಕೂಬಿಟ್ಟರು. ನಾಗವೇಣಕ್ಕನೂ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ತನ್ನ ಮಡಿಲನ್ನೇ ನೋಡಿಕೊಂಡಳು. ತುಟಿ ಅಲುಗಿದಂತೆ ಕಂಡಿತು. ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ನಾನು ಎದ್ದುಹೋಗಿ ಸ್ವಿಚ್ಚು ಆರಿಸಿದೆ. ಕಲ್ಲು ನಿಧಾನವಾಗಿ ಸುತ್ತಿ ನಿಂತಿತು. ಸಾಲಿನಲ್ಲಿದ್ದವರೆಲ್ಲ ಡಬ್ಬಿ ಕೆಳಗಿಟ್ಟರು.

"ನನಗೆ," ಎಂದಳು ನಾಗವೇಣಕ್ಕ, "ಇವತ್ತು... ತಲೆ ನೋಯ್ತಿದೆ."

"ಹೇಳಕ್ಕ," ಎಂದರು ವನಜಾಕ್ಷಿ, ಮೂಟೆಯ ಮೇಲೆ ಅವಳ ಪಕ್ಕದಲ್ಲಿ ಕೂರುತ್ತಾ. "ಯಾವಾಗಿಂದ?"